ಹೊಲದಿಂದ ಡಾಂಬರಿನವರೆಗೆ: ವಿಜಯಪುರದ ನಾಲ್ಕು ತಾಲೂಕುಗಳು ಹೇಳುವ ಲೆಕ್ಕ

(ಬಳಗದ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಸಭೆಯಲ್ಲಿ ಬಯಲುಸೀಮೆಯ ರಸ್ತೆ, ರೈಲು, ಉಗ್ರಾಣಗಳ ವಿಷಯವೇಕೆ ಎಂದು ನಿಮಗೆ ಅನಿಸಬಹುದು. ಕಾರಣ ಎರಡು. ನಮ್ಮ ಅಡುಗೆಮನೆಯ ಲಿಂಬೆ, ಈರುಳ್ಳಿ, ತೊಗರಿಬೇಳೆಗಳಲ್ಲಿ ಒಂದು ಪಾಲು ಉತ್ತರದ ಒಣನಾಡಿನಿಂದ ಬರುತ್ತದೆ. ಅವನ್ನು ಬೆಳೆದವರ ಸ್ಥಿತಿಗತಿ ನಮಗೆ ಹೊರಗಿನದಲ್ಲ. ಇನ್ನೊಂದು, ಘಟ್ಟದಲ್ಲಿ ದೊಡ್ಡ ಮಾರ್ಗವೊಂದರ ಪ್ರಸ್ತಾಪ ಬಂದಾಗಲೆಲ್ಲ ‘ಬಯಲುಸೀಮೆಯ ರೈತನ ಏಳಿಗೆಗೆ ನಿಮ್ಮ ಕಾಡು ಅಡ್ಡ ನಿಂತಿದೆ’ ಎಂಬ ಮಾತು ಕೇಳಿಬರುತ್ತದೆ. ಈ ಮಾತಿಗೆ ಸಿಟ್ಟಿನಿಂದ ಉತ್ತರಿಸಿ ಫಲವಿಲ್ಲ. ಲೆಕ್ಕ ಹಾಕಿ ನೋಡಬೇಕು. ಅದಕ್ಕಾಗಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳನ್ನು ಆಯ್ದುಕೊಂಡಿದ್ದೇನೆ. ಈಚಿನ ವರ್ಷಗಳಲ್ಲಿ ಇವುಗಳಿಂದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲೂಕುಗಳು ಒಡೆದಿವೆ. ಇಲ್ಲಿ ಹಳೆಯ ವ್ಯಾಪ್ತಿಯನ್ನೇ ಇಟ್ಟುಕೊಂಡು ಮಾತನಾಡುತ್ತೇನೆ.

ಇಂಡಿ ಎಂದರೆ ಲಿಂಬೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದು ಅಲ್ಲಿಯೇ. ‘ಇಂಡಿ ಲಿಂಬೆ’ಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಸಿಂದಗಿ, ಮುದ್ದೇಬಿಹಾಳಗಳ ಎರೆಭೂಮಿಯಲ್ಲಿ ತೊಗರಿ, ಜೋಳ, ಹತ್ತಿ. ಬಾಗೇವಾಡಿಯ ಕಡೆ ಈರುಳ್ಳಿ. ಕಾಲುವೆ ನೀರು ಬಂದಲ್ಲಿ ಕಬ್ಬು. ಇವೆಲ್ಲವೂ ಬಹುಮಟ್ಟಿಗೆ ಕಚ್ಚಾ ಸರಕಾಗಿಯೇ ಊರು ಬಿಡುತ್ತವೆ. ಹೀಗೆ ಕಚ್ಚಾ ಸರಕನ್ನು ನೆಚ್ಚಿದ ನಾಡಿನಲ್ಲಿ ಬೆಲೆ ಕಟ್ಟುವವನು ದೂರದ ಪೇಟೆಯವನು. ಅಲ್ಲಿಗೆ ತಲುಪಿಸುವ ಖರ್ಚು ಬೆಳೆದವನ ಪಾಲಿನಿಂದಲೇ ಕಳೆಯುತ್ತದೆ.

‘ರೋಡ್’ ಎಂಬ ಹೆಸರಿನ ನಿಲ್ದಾಣಗಳು

ಹೋಟಗಿಯಿಂದ ವಿಜಯಪುರದ ಮೂಲಕ ಗದಗಕ್ಕೆ ರೈಲು ಬಂದದ್ದು 1884ರಲ್ಲಿ. ಆ ಮಾರ್ಗದಲ್ಲಿ ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’ ಎಂಬ ಎರಡು ನಿಲ್ದಾಣಗಳಿವೆ. ಹೆಸರಿನಲ್ಲಿರುವ ‘ರೋಡ್’ ಎಂಬ ಮಾತಿನ ಅರ್ಥ ಸ್ಪಷ್ಟ: ನಿಲ್ದಾಣ ಇಲ್ಲಿದೆ, ಊರು ದೂರವಿದೆ, ಮುಂದಿನ ದಾರಿ ನಿಮ್ಮದು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗಂತೂ ಇಂದಿಗೂ ರೈಲಿಲ್ಲ. ಅಂದು ಹಾಕಿದ್ದು ಮೀಟರ್ ಗೇಜ್ ಹಳಿ. ಸೊಲ್ಲಾಪುರದ ಕಡೆಯ ದೊಡ್ಡ ಮಾರ್ಗ ಬ್ರಾಡ್‌ಗೇಜ್. ಆದ್ದರಿಂದ ಮುಂಬೈ ಕಡೆಗೆ ಹೋಗುವ ಸರಕನ್ನು ಹೋಟಗಿಯಲ್ಲಿ ಇಳಿಸಿ ಮತ್ತೆ ಏರಿಸಬೇಕಾಗಿತ್ತು. ಪ್ರತಿ ಸಲವೂ ಹಮಾಲಿ, ಪ್ರತಿ ಸಲವೂ ಸೋರಿಕೆ. ಹಳಿ ಬದಲಾಗುವುದಕ್ಕೆ ನೂರು ವರ್ಷ ಮೀರಿ ಕಾಯಬೇಕಾಯಿತು.

ಈಚೆಗೆ ಇದೇ ಮಾರ್ಗಕ್ಕೆ ಜೋಡಿ ಹಳಿ ಬಂದಿತು. ಅದರ ಹಿಂದಿನ ದೊಡ್ಡ ಪ್ರೇರಣೆ ಹಳೆಯ ಬಾಗೇವಾಡಿ ತಾಲೂಕಿನ ಕೂಡಗಿಯಲ್ಲಿರುವ 2,400 ಮೆಗಾವಾಟ್ ಸಾಮರ್ಥ್ಯದ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರ, ಅದಕ್ಕೆ ಬೇಕಾದ ಕಲ್ಲಿದ್ದಲು. ರೈಲಿನಿಂದ ಜನರಿಗೆ ಅನುಕೂಲವಾಗಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಕಲ್ಲಿದ್ದಲು ಸ್ಥಾವರದ ಅಂಗಳದವರೆಗೂ ಹಳಿಯ ಮೇಲೆ ಬರುತ್ತದೆ. ಅದೇ ತಾಲೂಕಿನ ಈರುಳ್ಳಿ ಚೀಲ ಹಳಿಯವರೆಗೆ ಹೋಗುವುದು ಹೇಗೆಂದು ಯೋಜನೆಯಲ್ಲಿ ಬರೆದವರಿಲ್ಲ.

ಇದು ನಮ್ಮ ದೇಶದ ವಿಶೇಷವೇನೂ ಅಲ್ಲ. ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿ, ಅದು ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಕಾಲದಲ್ಲಿ, ಸೆಕೊಂಡಿ ಎಂಬ ಕಡಲ ಪಟ್ಟಣದಿಂದ ಚಿನ್ನದ ಗಣಿಗಳ ಮೂಲಕ 1903ರಲ್ಲಿ ಕುಮಾಸಿಗೆ ರೈಲು ಮುಟ್ಟಿತು. ಅದೇ ಕಾಲದಲ್ಲಿ ಕೋಕೋ ಬೆಳೆದ ಆಕ್ವಾಪಿಮ್ ರೈತರು ತಮ್ಮ ತೋಟಗಳಿಗೆ ದಾರಿಯಿಲ್ಲದೆ, ತಾವೇ ಹಣ ಕೂಡಿಸಿ ಡೆನ್ಸು ನದಿಗೆ ಸೇತುವೆಗಳನ್ನು ಕಟ್ಟಿಸಿಕೊಂಡರು. ಪಾಲಿ ಹಿಲ್ ಎಂಬ ಸಂಶೋಧಕಿ 1963ರ ತಮ್ಮ ಗ್ರಂಥದಲ್ಲಿ ಈ ರೈತರ ಇತಿಹಾಸವನ್ನು ವಿವರವಾಗಿ ಬರೆದಿದ್ದಾರೆ. ಸರ್ಕಾರ ಬಂದರಿನ ಕಡೆಯಿಂದ ಕಟ್ಟುತ್ತಾ ಬಂದಿತು. ರೈತರು ಹೊಲದ ಕಡೆಯಿಂದ ಕಟ್ಟುತ್ತಾ ಹೋದರು.

ಎರೆಭೂಮಿಯ ದಾರಿ

ಹೊಲದ ಕಡೆಯ ದಾರಿಯನ್ನು ನೋಡೋಣ. ಎರೆಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತಿರುವ ಬಂಡಿದಾರಿ ಎರಡು ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಳ್ಳುವ ಕೆಸರಾಗುತ್ತದೆ. ಮಳೆಗಾಲವೇ ಲಿಂಬೆಯ ಸುಗ್ಗಿ. ಅದರ ಬೆನ್ನಿಗೆ ಮುಂಗಾರಿನ ಈರುಳ್ಳಿ. ಬೆಳೆ ಹೊರಡಬೇಕಾದ ದಿನಗಳಲ್ಲೇ ದಾರಿ ಮುಚ್ಚುತ್ತದೆ. ಟಂಟಂ ಹೊಲಕ್ಕೆ ಬಾರದು. ಚೀಲವನ್ನು ಹೊತ್ತು ಅಥವಾ ಟ್ರ್ಯಾಕ್ಟರಿನಲ್ಲಿ ಎಳೆದು ಡಾಂಬರಿಗೆ ತರಬೇಕು.

ಬಾಡಿಗೆಯ ಸ್ವಭಾವವೂ ಗಮನಾರ್ಹ. ಲಾರಿಯವನು ಕೇಳುವುದು ಚೀಲಕ್ಕೆ ಇಷ್ಟು ಎಂದು. ಚೀಲದೊಳಗಿನ ಕಾಯಿಯ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಬೇಸಿಗೆಯಲ್ಲಿ ಲಿಂಬೆಗೆ ಬೆಲೆ ಏರಿದಾಗ ಬಾಡಿಗೆ ಹೊರೆಯೆನಿಸದು. ಶ್ರಾವಣದ ಹೊತ್ತಿಗೆ ಬೆಲೆ ಕುಸಿದಾಗ ಕೀಳುವ ಕೂಲಿ, ಬಾಡಿಗೆ, ಹಮಾಲಿ ಮೂರೂ ಸೇರಿ ಕಾಯಿಯ ಬೆಲೆಯನ್ನೇ ನುಂಗುತ್ತವೆ; ಹಣ್ಣು ಗಿಡದ ಬುಡದಲ್ಲೇ ಕೊಳೆಯುತ್ತದೆ. ಡಾಂಬರಿನಿಂದ ದೂರವಿದ್ದಷ್ಟೂ ಈ ಸ್ಥಿತಿ ಬೇಗ ಬರುತ್ತದೆ.

ಇಲ್ಲಿ ಬೇಕಾದ ತಂತ್ರಜ್ಞಾನ ದೊಡ್ಡದಲ್ಲ. ದಾರಿಯನ್ನು ಹೊಲದ ಮಟ್ಟಕ್ಕಿಂತ ಎತ್ತರಿಸಬೇಕು, ಎರಡೂ ಬದಿಗೆ ಗಟಾರ ತೆಗೆಯಬೇಕು, ಎರೆಮಣ್ಣಿಗೆ ಸುಣ್ಣ ಬೆರೆಸಿ ಬಿಗಿಗೊಳಿಸಬೇಕು, ಮೇಲೆ ಗರಸು ಹಾಕಬೇಕು. ಉದ್ಯೋಗ ಖಾತರಿಯಂಥ ಯೋಜನೆಗಳಡಿ ಇಂಥ ಹೊಲದ ದಾರಿಗಳನ್ನು ಮಾಡಿದ ಉದಾಹರಣೆಗಳಿವೆ. ನಿಜವಾದ ತೊಡಕು ಬೇರೆಡೆ ಇದೆ: ನಕಾಶೆಯಲ್ಲಿರುವ ಬಂಡಿದಾರಿ ಎಷ್ಟೋ ಕಡೆ ಅಕ್ಕಪಕ್ಕದ ಹೊಲಗಳಲ್ಲಿ ಕರಗಿಹೋಗಿದೆ. ಅದನ್ನು ಬಿಡಿಸಿಕೊಳ್ಳಲು ಗ್ರಾಮಸಭೆಯ ಒಮ್ಮತ ಬೇಕು.

ಒಂದೊಂದು ಬೆಳೆಗೆ ಒಂದೊಂದು ಉಗ್ರಾಣ

‘ಶೀತಲಗೃಹ ಕಟ್ಟಿ’ ಎಂಬುದು ಎಲ್ಲೆಡೆ ಕೇಳುವ ಬೇಡಿಕೆ. ಯಾವ ಬೆಳೆಗೆ ಎಂದು ಕೇಳುವುದು ಮೊದಲ ಕೆಲಸ. ಕಾಗಜಿ ಲಿಂಬೆಯ ಹೆಸರೇ ಹೇಳುವಂತೆ ಅದರ ಸಿಪ್ಪೆ ಕಾಗದದಷ್ಟು ತೆಳು. ಬೇಗ ತೇವ ಕಳೆದುಕೊಂಡು ಸುಕ್ಕುಗಟ್ಟುತ್ತದೆ. ಅದಕ್ಕೆ ಸುಮಾರು 9–10 ಡಿಗ್ರಿ ತಂಪು ಮತ್ತು ತೇವದ ಗಾಳಿ ಬೇಕು. ಇದಕ್ಕಿಂತ ಬಹಳ ಕೆಳಗಿಳಿದರೆ ಚಳಿಯಿಂದಲೇ ಸಿಪ್ಪೆ ಕಲೆಗಟ್ಟುತ್ತದೆ. ಈರುಳ್ಳಿಗೆ ತೇವವೇ ಶತ್ರು. ನೆಲದಿಂದ ಎತ್ತರಿಸಿದ, ತಳದಿಂದಲೂ ಗಾಳಿಯಾಡುವ ಚಪ್ಪರದಲ್ಲಿ ಅದು ತಿಂಗಳುಗಟ್ಟಲೆ ಬಾಳುತ್ತದೆ. ತೊಗರಿಗೆ ತಂಪು ಬೇಕಿಲ್ಲ, ಚೆನ್ನಾಗಿ ಒಣಗಿಸಿ ಹುಳು ಬಾರದಂತೆ ಇಟ್ಟರೆ ಸಾಕು. ಅಕ್ಕಪಕ್ಕದ ತಾಲೂಕುಗಳ ಬೆಳೆಗಳಿಗೆ ಒಂದೇ ಬಗೆಯ ಕಟ್ಟಡ ಕಟ್ಟಿದರೆ ಒಂದಕ್ಕೂ ಹಿತವಾಗದು.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ವಿದ್ಯುತ್ ಬೇಡದ ತಂಪುಕೋಣೆಯನ್ನು ರೂಪಿಸಿತು. ಇಟ್ಟಿಗೆಯ ಎರಡು ಗೋಡೆ, ನಡುವೆ ಮರಳು, ಮರಳಿಗೆ ದಿನವೂ ನೀರು. ನೀರು ಆವಿಯಾಗುತ್ತಾ ಒಳಗನ್ನು ತಂಪಾಗಿಸುತ್ತದೆ. ಗಾಳಿ ಒಣಗಿದ್ದಷ್ಟೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಘಟ್ಟದ ಮಳೆಗಾಲಕ್ಕೆ ಒಗ್ಗದ ಈ ಕೋಣೆ ಇಂಡಿಯ ಬೇಸಿಗೆಗೆ ಹೇಳಿ ಮಾಡಿಸಿದಂತಿದೆ. ಒಂದು ಲಾರಿ ತುಂಬುವಷ್ಟು ಕಾಯಿ ಕೂಡುವವರೆಗೆ ನಾಲ್ಕಾರು ದಿನ ಕಾಯುವ ಶಕ್ತಿ ರೈತರಿಗೆ ಬಂದರೆ, ದಲಾಲರು ಹೇಳಿದ ಬೆಲೆಗೆ ಅಂದೇ ಒಪ್ಪಬೇಕಾದ ಪ್ರಮೇಯ ಕಡಿಮೆಯಾಗುತ್ತದೆ. ತೊಗರಿಯಂಥ ಕಾಳಿಗೆ ಕಾನೂನಿನ ಆಸರೆಯೂ ಉಂಟು: 2007ರ ಉಗ್ರಾಣ ಕಾಯಿದೆಯ ಪ್ರಕಾರ ನೋಂದಾಯಿತ ಉಗ್ರಾಣದ ರಸೀದಿಯನ್ನು ಅಡವಿಟ್ಟು ಸಾಲ ಪಡೆಯಬಹುದು. ಆದರೆ ಉಗ್ರಾಣ ಹತ್ತಿರದಲ್ಲಿದ್ದರೆ ಮಾತ್ರ ಈ ರಸೀದಿ ಸಣ್ಣ ರೈತರಿಗೆ ಎಟುಕುತ್ತದೆ.

ಭಾರ ಇಳಿಸುವುದೂ ಸಾಗಣೆಯೇ

ವಿಜಯಪುರದ ದ್ರಾಕ್ಷಿ ಬೆಳೆಗಾರರು ಒಂದು ಪಾಠವನ್ನು ಆಗಲೇ ಕಲಿಸಿದ್ದಾರೆ. ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಣಗಿ ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ತೋಟದ ಬದಿಯ ನೆರಳಿನ ಶೆಡ್ಡಿನಲ್ಲಿ ಎರಡು ವಾರ ಒಣಗಿಸಿದರೆ ನಾಲ್ಕು ಲಾರಿಯ ಭಾರ ಒಂದಕ್ಕಿಳಿಯುತ್ತದೆ. ನಾಳೆಯೇ ಮಾರಬೇಕೆಂಬ ಆತುರವೂ ತಪ್ಪುತ್ತದೆ. ಕಬ್ಬಿನ ಲೆಕ್ಕ ಇದಕ್ಕೆ ವಿರುದ್ಧ: ಹತ್ತು ಟನ್ ಹೊತ್ತರೆ ಸಕ್ಕರೆ ಹೆಚ್ಚುಕಡಿಮೆ ಒಂದು ಟನ್. ಕಾಲುವೆಯ ಜೊತೆ ಕಬ್ಬು ಹರಡಿದಂತೆ ರಸ್ತೆಗಳೂ ಸವೆಯುತ್ತವೆ. ಆದ್ದರಿಂದ ಯಾವ ಬೆಳೆಗೆ ನೀರು ಕೊಡುತ್ತೇವೆ ಎಂಬ ಪ್ರಶ್ನೆಯೊಳಗೇ ಎಂಥ ರಸ್ತೆ ಬೇಕು ಎಂಬ ಪ್ರಶ್ನೆಯೂ ಅಡಗಿದೆ. ತೊಗರಿಯನ್ನು ಊರಿನಲ್ಲೇ ಬೇಳೆ ಮಾಡಿದರೆ ಹೊಟ್ಟು, ನುಚ್ಚು ದನಗಳಿಗೆ ಉಳಿಯುತ್ತದೆ, ಬೇಳೆಯಷ್ಟೇ ಪೇಟೆಗೆ ಹೋಗುತ್ತದೆ.

ಘಟ್ಟದ ಮಾತು

ಈಗ ನಮ್ಮ ಕಡೆಗೆ ಬರೋಣ. ಸೊಲ್ಲಾಪುರದಿಂದ ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 52 ಈಗಾಗಲೇ ಇದೆ. ಸಿಂದಗಿಯ ಮೂಲಕ ಹೆದ್ದಾರಿ 50 ಹೋಗುತ್ತದೆ. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ 1990ರ ದಶಕದಿಂದ ಚರ್ಚೆಯಲ್ಲಿದೆ. ಬಳ್ಳಾರಿ–ಹೊಸಪೇಟೆಯ ಅದಿರನ್ನು ಕರಾವಳಿಗೆ ಒಯ್ಯುವುದು ಅದರ ಪರವಾದ ಮುಖ್ಯ ವಾದವಾಗಿತ್ತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದಕ್ಕೆ ಒಪ್ಪಿಗೆ ಸೂಚಿಸಿದಾಗ ಕೇಳಿಬಂದ ಅರಣ್ಯದ ಲೆಕ್ಕ ಸುಮಾರು 595 ಹೆಕ್ಟೇರ್. ಮುಂದೆ ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ಯೋಜನೆಯ ಗುಣದೋಷಗಳನ್ನು ಅದರದೇ ಲೆಕ್ಕದಲ್ಲಿ ತೂಗಬೇಕು. ಆದರೆ ಇಂಡಿಯ ಲಿಂಬೆ ಸೊಲ್ಲಾಪುರ, ಹೈದರಾಬಾದುಗಳ ಕಡೆ ಹೋಗುವ ಸರಕು. ಬಾಗೇವಾಡಿಯ ಈರುಳ್ಳಿಗೆ ಬೆಂಗಳೂರೂ ಸೊಲ್ಲಾಪುರವೂ ಪೇಟೆ. ಆ ರೈತರ ನಷ್ಟ ಆಗುತ್ತಿರುವುದು ಹೊಲದಿಂದ ಡಾಂಬರಿಗಿರುವ ಎರಡು ಮೂರು ಮೈಲಿಯಲ್ಲಿ, ಕೊಯ್ಲಾದ ಮೊದಲ ನಾಲ್ಕು ದಿನಗಳಲ್ಲಿ. ಅದಕ್ಕೆ ಘಟ್ಟದ ಮರಗಳನ್ನು ಹೊಣೆ ಮಾಡುವುದು ಆ ರೈತರಿಗೂ ಮಾಡುವ ಅನ್ಯಾಯ. ಏಕೆಂದರೆ ಅವರ ನಿಜವಾದ ಬೇಡಿಕೆ ಈ ವಾದದ ಹಿಂದೆ ಮರೆಯಾಗುತ್ತದೆ.

ನಮ್ಮಲ್ಲಿ ಅಡಿಕೆ ಬೆಳೆಗಾರರು 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿಕೊಂಡರು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಒಣಗಿದ ಅಡಿಕೆ ಕಾಯಬಲ್ಲ ಸರಕು ನಿಜ. ಅದನ್ನು ಕಾಯಿಸಿಡುವ ಉಗ್ರಾಣ, ತೂಕ, ಮುಂಗಡಗಳ ವ್ಯವಸ್ಥೆಯನ್ನು ಕಟ್ಟಿದ್ದು ಸಹಕಾರ. ಆ ಅನುಭವವನ್ನು ಲಿಂಬೆ, ಈರುಳ್ಳಿ ಬೆಳೆಯುವವರೊಡನೆ ಹಂಚಿಕೊಳ್ಳಬೇಕಾದವರು ನಾವೇ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ನಿಮ್ಮ ಊರಿನ ಒಂದು ಬೆಳೆಯನ್ನು ಆರಿಸಿ, ಒಂದು ಚೀಲವನ್ನು ತೋಟದಿಂದ ಪೇಟೆಯವರೆಗೆ ಹಿಂಬಾಲಿಸಿ. ಎಷ್ಟು ಸಲ ಇಳಿಯಿತು, ಎಷ್ಟು ಸಲ ಏರಿತು, ಎಲ್ಲಿ ಎಷ್ಟು ಹೊತ್ತು ಕಾಯಿತು, ಯಾರಿಗೆ ಎಷ್ಟು ಸಂದಿತು ಎಂದು ಬರೆದುಕೊಳ್ಳಿ. ಇಂಡಿಯ ಕಡೆ ಗೆಳೆಯರಿದ್ದರೆ ಅವರಿಗೂ ಹೀಗೆ ಮಾಡಲು ಹೇಳಿ. ಮುಂದಿನ ಶಿಬಿರದಲ್ಲಿ ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದೋಣ. ಘಟ್ಟದವರೂ ಬಯಲಿನವರೂ ಒಟ್ಟಾಗಿ ಸರ್ಕಾರದ ಮುಂದಿಡಬಹುದಾದ ಮನವಿ ಅದರಿಂದಲೇ ಹುಟ್ಟಲಿ.