ಟೋಕಿಯೊದ ಓಣಿಗಳು ಮತ್ತು ನಮ್ಮ ಮಕ್ಕಳು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



"ದೇಶ ಸುತ್ತು, ಕೋಶ ಓದು" ಎಂಬುದು ನಮ್ಮ ಹಿರಿಯರ ಮಾತು. ಬೀದರ್, ಭಾಲ್ಕಿ, ಔರಾದ್ ಕಡೆಯವರು ದುಡಿಮೆಗಾಗಿ ಹೆಚ್ಚಾಗಿ ಹೋದದ್ದು ಹೈದರಾಬಾದಿಗೆ, ಪುಣೆ ಮುಂಬಯಿಗಳಿಗೆ, ಅಲ್ಲಿಂದ ಮುಂದೆ ಸೌದಿ, ದುಬೈಗಳಿಗೆ. ಆದರೆ ಇತ್ತೀಚೆಗೆ ಮನ್ನಳ್ಳಿಯಂಥ ಊರಿನಲ್ಲೂ ಮಕ್ಕಳು, "ಸರ್, ಜಪಾನಿಗೆ ಹೋಗಬೇಕಾದರೆ ಏನು ಓದಬೇಕು?" ಎಂದು ಕೇಳತೊಡಗಿದ್ದಾರೆ. ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಏಕೆಂದರೆ ಮಗನನ್ನು ಪರದೇಶಕ್ಕೆ ಕಳಿಸಲು ಹೊಲ ಮಾರುವ, ಒಡವೆ ಒತ್ತೆಯಿಡುವ ಮನೆಗಳು ನಮ್ಮಲ್ಲಿವೆ. ಹೋಗುವ ಊರು ಎಂಥದು ಎಂದು ಮೊದಲೇ ತಿಳಿದಿದ್ದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಜಪಾನ್ ನಮಗೆ ತೀರ ಅಪರಿಚಿತ ದೇಶವೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಅಲ್ಲಿಗೆ ಹೋಗಿ, ಅಲ್ಲಿಯ ಕೈಗಾರಿಕೆ ಮತ್ತು ಶಿಕ್ಷಣವನ್ನು ಕಣ್ಣಾರೆ ಕಂಡು ಬಂದರು. ನಮ್ಮ ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು ಸರ್ ಸೈಯದ್ ಅಹಮದ್ ಖಾನರ ಮೊಮ್ಮಗ ಸೈಯದ್ ರಾಸ್ ಮಸೂದ್. ಅವರು 1922ರಲ್ಲಿ ಜಪಾನಿನ ಶಾಲೆಗಳನ್ನು ನೋಡಿ ಬಂದು ಒಂದು ದೊಡ್ಡ ಗ್ರಂಥವನ್ನೇ ಬರೆದರು. ಒಂದು ಏಷ್ಯಾ ದೇಶ ತನ್ನ ಭಾಷೆಯಲ್ಲಿಯೇ ವಿಜ್ಞಾನ, ವೈದ್ಯ, ಇಂಜಿನಿಯರಿಂಗ್ ಕಲಿಸಿ ಮುಂದೆ ಬಂದದ್ದು ಹೇಗೆ ಎಂಬುದು ಅವರ ಕುತೂಹಲ. ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಗಿ ಆಗ ನಾಲ್ಕೇ ವರ್ಷವಾಗಿತ್ತು. ಇತ್ತ ಭೋಪಾಲದ ಮೌಲವಿ ಬರ್ಕತುಲ್ಲಾ 1909ರಲ್ಲಿಯೇ ಟೋಕಿಯೊದಲ್ಲಿ ಜಪಾನೀ ವಿದ್ಯಾರ್ಥಿಗಳಿಗೆ ಉರ್ದು ಕಲಿಸುತ್ತಿದ್ದರು. ಉರ್ದು ಕಲಿತರೆ ಎಲ್ಲಿಗೂ ದಾರಿಯಿಲ್ಲ ಎನ್ನುವವರು ಇದನ್ನು ನೆನಪಿಡಬೇಕು.

ಇನ್ನು ಊರಿನ ವಿಷಯ. ಟೋಕಿಯೊ ಎಂದರೆ ಒಂದೇ ಊರಲ್ಲ. ಅದರ ನಡುಭಾಗದಲ್ಲಿಯೇ 23 ವಾರ್ಡುಗಳಿವೆ, ಒಂದೊಂದಕ್ಕೂ ಸ್ವಂತ ಚುನಾಯಿತ ಆಡಳಿತವಿದೆ. ಹೊಸಬರಿಗೆ ಊರು ಅರ್ಥವಾಗಬೇಕಾದರೆ ಯಾಮಾನೋತೆ ರೈಲು ಹತ್ತುವುದು ಒಳ್ಳೆಯದು. ಅದು ನಗರದ ಸುತ್ತ ವರ್ತುಲವಾಗಿ ಓಡುವ ಮಾರ್ಗ. 30 ನಿಲ್ದಾಣ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಒಂದೊಂದು ನಿಲ್ದಾಣದಲ್ಲಿ ಇಳಿದರೂ ಒಂದೊಂದು ಬೇರೆ ಪೇಟೆ. ನಮ್ಮ ಬೀದರಿನ ಚೌಬಾರಾದ ಸುತ್ತ ಸಿದ್ದಿ ತಾಲೀಮ್, ಮನಿಯಾರ್ ತಾಲೀಮ್, ನೂರ್ ಖಾನ್ ತಾಲೀಮ್ ಎಂದು ಮೊಹಲ್ಲಾಗಳಿದ್ದು, ಒಂದೊಂದಕ್ಕೂ ತನ್ನದೇ ಗತ್ತು ಇರುವ ಹಾಗೆ ಎಂದು ತಿಳಿಯಿರಿ.

ಅಲ್ಲಿ ವಿಳಾಸ ಹುಡುಕುವುದೇ ಒಂದು ಪಾಠ. ಬಹುತೇಕ ರಸ್ತೆಗಳಿಗೆ ಹೆಸರಿಲ್ಲ. ಮೊದಲು ವಾರ್ಡು, ನಂತರ ಬಡಾವಣೆ, ಅದರ "ಚೋಮೆ" ಎಂಬ ಭಾಗದ ಸಂಖ್ಯೆ, ಆಮೇಲೆ ತುಂಡಿನ ಸಂಖ್ಯೆ, ಕೊನೆಗೆ ಮನೆಯ ಸಂಖ್ಯೆ. ನಾವು ಮನೆಯಿಂದ ಹೊರಟು ಜಿಲ್ಲೆಗೆ ಬರುತ್ತೇವೆ, ಅವರು ಜಿಲ್ಲೆಯಿಂದ ಹೊರಟು ಮನೆಗೆ ಬರುತ್ತಾರೆ. ದಾರಿ ತಪ್ಪಿದರೆ ಹೆದರಬೇಕಿಲ್ಲ. ಅಲ್ಲಲ್ಲಿ "ಕೋಬಾನ್" ಎಂಬ ಪುಟ್ಟ ಪೊಲೀಸ್ ಚೌಕಿಗಳಿವೆ. ದಾರಿ ತೋರಿಸುವುದು ಅವರ ದಿನನಿತ್ಯದ ಕೆಲಸ.

ನಮ್ಮ ದೇಶದವರು ಹೆಚ್ಚಾಗಿ ನೆಲೆಸಿರುವುದು ಪೂರ್ವದಿಕ್ಕಿನ ಎದೊಗಾವಾ ವಾರ್ಡಿನ ನಿಶಿ ಕಸಾಯಿ ಎಂಬಲ್ಲಿ. 1970ರ ದಶಕದ ಕೊನೆಯಲ್ಲಿ ಜಗಮೋಹನ್ ಚಂದ್ರಾನಿ ಎಂಬ ವ್ಯಾಪಾರಿ ಜಪಾನಿಗೆ ಬಂದು ಈ ಪ್ರದೇಶದಲ್ಲಿ ನೆಲೆ ನಿಂತರು. 2000ನೇ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆಂದು ಬೆಂಗಳೂರು, ಹೈದರಾಬಾದ್, ಚೆನ್ನೈಗಳಿಂದ ಬಂದ ಹುಡುಗರಿಗೆ ಊಟದ, ಮನೆಯ ತೊಂದರೆಯಾದಾಗ ನೆರವಿಗೆ ನಿಂತವರು ಅವರೇ. ಅಲ್ಲಿಂದ ಪೇಟೆಯ ಕಚೇರಿಗಳಿಗೆ ನೇರ ರೈಲಿದೆ. ಜೊತೆಗೆ ಯು.ಆರ್. ಎಂಬ ಸಾರ್ವಜನಿಕ ವಸತಿಗಳಿವೆ. ಜಪಾನಿನಲ್ಲಿ ಖಾಸಗಿ ಮನೆ ಬಾಡಿಗೆಗೆ ಹಿಡಿಯಬೇಕಾದರೆ ಸಾಮಾನ್ಯವಾಗಿ ಜಾಮೀನುದಾರ ಬೇಕು, ಠೇವಣಿ ಬೇಕು, ಅದರ ಮೇಲೆ ಮಾಲಿಕನಿಗೆ ಮರಳಿ ಬಾರದ "ರೇಕಿನ್" ಎಂಬ ಕಾಣಿಕೆಯನ್ನೂ ಕೊಡುವ ವಾಡಿಕೆಯಿದೆ. ಯು.ಆರ್. ಮನೆಗಳಿಗೆ ಜಾಮೀನೂ ಬೇಡ, ಕಾಣಿಕೆಯೂ ಬೇಡ. ಹೀಗಾಗಿ ಪರದೇಶದವರಿಗೆ ಅಲ್ಲಿ ಬಾಗಿಲು ತೆರೆಯಿತು. ಕನ್ನಡದ ಕುಟುಂಬಗಳೂ ಟೋಕಿಯೊದಲ್ಲಿವೆ. ಯುಗಾದಿ, ರಾಜ್ಯೋತ್ಸವಗಳಿಗೆ ಸೇರುತ್ತವೆ. 2019ರಲ್ಲಿ ಭಾರತ ಮೂಲದ ಯೋಗೇಂದ್ರ ಪುರಾಣಿಕ್ ಅವರು ಎದೊಗಾವಾ ವಾರ್ಡಿನ ಸಭೆಗೆ ಚುನಾಯಿತರಾದರು.

ಹೋದವರು ಮೊದಲು ಮಾಡಬೇಕಾದ್ದನ್ನು ಹೇಳುತ್ತೇನೆ. ವಾಸಕ್ಕೆ ಮನೆ ಸಿಕ್ಕ 14 ದಿನಗಳೊಳಗೆ ವಾರ್ಡ್ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ನಿವಾಸದ ಕಾರ್ಡು ಯಾವಾಗಲೂ ಜೇಬಿನಲ್ಲಿರಬೇಕು. ಆರೋಗ್ಯ ವಿಮೆ ಕಡ್ಡಾಯ. ಅದಿದ್ದರೆ ಆಸ್ಪತ್ರೆಯ ಖರ್ಚಿನಲ್ಲಿ ಸಾಮಾನ್ಯವಾಗಿ ಶೇ. 30ರಷ್ಟು ಮಾತ್ರ ನಮ್ಮದು. ಕಸವನ್ನು ಸುಡುವಂಥದು, ಸುಡಲಾಗದ್ದು, ಮರುಬಳಕೆಯದು ಎಂದು ಬೇರ್ಪಡಿಸಿ ಗೊತ್ತಾದ ದಿನವೇ ಇಡಬೇಕು. ಇದು ಚಿಕ್ಕ ವಿಷಯ ಎನಿಸಬಹುದು. ಆದರೆ ನೆರೆಯವರು ಹೊಸಬರನ್ನು ಅಳೆಯುವುದು ಇದರಿಂದಲೇ. ರಾತ್ರಿ ಜೋರಾಗಿ ಮಾತನಾಡುವುದು, ರೈಲಿನಲ್ಲಿ ಫೋನಿನಲ್ಲಿ ಹರಟುವುದು ಅಲ್ಲಿ ಅಸಭ್ಯತನ. ಭೂಕಂಪ ಆಗಾಗ ಆಗುವ ದೇಶವಾದ್ದರಿಂದ, ತಮ್ಮ ಓಣಿಯವರು ಆಪತ್ತಿನಲ್ಲಿ ಸೇರುವ ಜಾಗ ಯಾವುದು ಎಂದು ಮೊದಲ ವಾರವೇ ಕೇಳಿ ತಿಳಿಯಬೇಕು.

ಈಗ ಭಾಷೆ. ಇಲ್ಲಿ ನಾನು ಎರಡು ಭಾಷೆಗಳ ಮಾಸ್ತರನಾಗಿ ಧೈರ್ಯ ಹೇಳಬಲ್ಲೆ. ಜಪಾನೀ ಭಾಷೆಯ ಲಿಪಿ ಕಠಿಣ. 46 ಅಕ್ಷರಗಳ ಎರಡು ವರ್ಣಮಾಲೆಗಳ ಜೊತೆಗೆ ಕಾಂಜಿ ಎಂಬ ಚಿತ್ರಾಕ್ಷರಗಳಿವೆ. ಅಲ್ಲಿಯ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿಯೇ 1,026 ಕಾಂಜಿ ಕಲಿಯುತ್ತಾರೆ. ಆದರೆ ವಾಕ್ಯದ ರಚನೆ ನಮ್ಮದರಂತೆಯೇ ಇದೆ. "ನಾನು ಅನ್ನ ತಿನ್ನುತ್ತೇನೆ" ಎಂಬುದು "ವಾತಾಶಿ ವಾ ಗೋಹಾನ್ ಓ ತಾಬೆಮಾಸು". ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕೊನೆಗೆ. ವಿಭಕ್ತಿ ಪ್ರತ್ಯಯದಂಥ ಚಿಕ್ಕ ಪದಗಳು ನಾಮಪದದ ಹಿಂದೆಯೇ ಬರುತ್ತವೆ. "ಬರುತ್ತೀರಾ" ಎಂದು ನಾವು ಕೊನೆಯಲ್ಲಿ "ಆ" ಸೇರಿಸಿದಂತೆ ಅವರು "ಕಾ" ಸೇರಿಸಿ "ಕಿಮಾಸು ಕಾ" ಎನ್ನುತ್ತಾರೆ. ಅಣ್ಣ ತಮ್ಮ, ಅಕ್ಕ ತಂಗಿ ಎಂಬ ಭೇದ ಇಂಗ್ಲಿಷಿನಲ್ಲಿಲ್ಲ. ಜಪಾನಿಯಲ್ಲಿ ಅಣ್ಣ "ಆನಿ", ತಮ್ಮ "ಒತೋತೊ", ಅಕ್ಕ "ಆನೆ", ತಂಗಿ "ಇಮೋತೊ". ಉರ್ದುವಿನ ಆಪ್, ತುಮ್, ತೂ ಅಭ್ಯಾಸವಿರುವ ಮಗುವಿಗೆ ಅವರ ಗೌರವದ ಮಾತುಗಳ ಮೆಟ್ಟಿಲುಗಳೂ ಬೇಗ ಹೊಳೆಯುತ್ತವೆ. ತನ್ನ ಮನೆಮಾತಿನ ವ್ಯಾಕರಣವನ್ನು ಸರಿಯಾಗಿ ಕಲಿತ ಮಗು ಈ ಭಾಷೆಗೆ ಅರ್ಧ ದಾರಿ ನಡೆದಂತೆಯೇ.

ಆಹಾರದ ವಿಷಯದಲ್ಲಿ ಎಚ್ಚರ ಬೇಕು. ಹಂದಿಮಾಂಸಕ್ಕೆ "ಬುತಾನಿಕು" ಎನ್ನುತ್ತಾರೆ. ಅಡುಗೆಗೆ ಹಾಕುವ "ಮಿರಿನ್" ಅಕ್ಕಿಯಿಂದ ತಯಾರಾದ ಮದ್ಯ. ಈ ಪದಗಳನ್ನು ಓದಲು ಕಲಿತೇ ಅಂಗಡಿಗೆ ಹೋಗಬೇಕು. ಶಿನ್ ಒಕುಬೊ ಎಂಬಲ್ಲಿ ಹಲಾಲ್ ಅಂಗಡಿಗಳ ಓಣಿಯೇ ಇದೆ. ಯೊಯೊಗಿ ಉಎಹಾರಾದಲ್ಲಿ 1938ರಲ್ಲಿ ಕಟ್ಟಿ, 2000ದಲ್ಲಿ ಪುನಃ ನಿರ್ಮಿಸಿದ ಮಸೀದಿಯಿದೆ. ಕೋಬೆ ನಗರದ ಮಸೀದಿ ಇನ್ನೂ ಹಳೆಯದು. ಭಾರತೀಯ ವ್ಯಾಪಾರಿಗಳೂ ಸೇರಿ ಚಂದಾ ಕೂಡಿಸಿ 1935ರಲ್ಲಿ ಕಟ್ಟಿಸಿದ್ದು. 1945ರ ಬಾಂಬಿನ ಮಳೆಯಲ್ಲೂ, 1995ರ ಭೂಕಂಪದಲ್ಲೂ ಉಳಿದು ನಿಂತಿದೆ. ಒಂದು ಕಹಿ ಮಾತನ್ನೂ ಹೇಳಲೇಬೇಕು. ಆ ದೇಶದಲ್ಲಿ ಶವಸಂಸ್ಕಾರವೆಂದರೆ ಬಹುಪಾಲು ದಹನವೇ. ದಫನ್‌ಗೆ ಕಬರಸ್ತಾನಗಳು ಕೆಲವೇ ಇವೆ. ಕುಟುಂಬ ಸಮೇತ ನೆಲೆಸುವವರು ಈ ಬಗ್ಗೆ ಅಲ್ಲಿಯ ಮಸೀದಿಯವರನ್ನು ಮೊದಲೇ ವಿಚಾರಿಸಬೇಕು.

ಮಕ್ಕಳ ಶಿಕ್ಷಣಕ್ಕೆ ಸರಕಾರಿ ಶಾಲೆಗಳು ವಿದೇಶೀ ಮಕ್ಕಳನ್ನೂ ಬೋಧನಾ ಶುಲ್ಕವಿಲ್ಲದೆ ಸೇರಿಸಿಕೊಳ್ಳುತ್ತವೆ. ಅಲ್ಲಿ ಮಕ್ಕಳು ತರಗತಿಯನ್ನು ತಾವೇ ಗುಡಿಸಿ ಒರೆಸುತ್ತಾರೆ, ಊಟವನ್ನು ತಾವೇ ಬಡಿಸುತ್ತಾರೆ. 2004 ಮತ್ತು 2006ರಲ್ಲಿ ಟೋಕಿಯೊದಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳೂ ಆರಂಭವಾದವು. ಯಾವ ಶಾಲೆಗೆ ಹಾಕಿದರೂ, ಕನ್ನಡ ಮತ್ತು ಉರ್ದು ಅಕ್ಷರ ಉಳಿಸುವ ಕೆಲಸ ಮನೆಯದೇ. ದಿನಕ್ಕೆ ಅರ್ಧ ಗಂಟೆ ತಾಯಿ ತಂದೆ ಕೂತು ಬರೆಸದಿದ್ದರೆ, ಊರಿನ ಅಜ್ಜಿಯೊಡನೆ ಮೊಮ್ಮಗ ಮಾತಾಡಲು ತೊದಲುವ ದಿನ ದೂರವಿಲ್ಲ.

ಕಂಪ್ಯೂಟರ್ ಪದವಿ ಇಲ್ಲದವರಿಗೂ ದಾರಿಯಿದೆ. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಸರಕಾರಗಳು ನಿರ್ದಿಷ್ಟ ಕೌಶಲದ ಕೆಲಸಗಾರರ ಬಗ್ಗೆ ಒಪ್ಪಂದ ಮಾಡಿಕೊಂಡವು. ವೃದ್ಧರ ಆರೈಕೆ, ಕೃಷಿ, ಕಟ್ಟಡ ಕೆಲಸ ಮುಂತಾದವು ಅದರಲ್ಲಿವೆ. ಅದಕ್ಕೆ ಸಾಮಾನ್ಯವಾಗಿ ಕೌಶಲದ ಪರೀಕ್ಷೆಯ ಜೊತೆ ಭಾಷೆಯ ಪರೀಕ್ಷೆಯನ್ನೂ ಪಾಸಾಗಬೇಕು. ಆದ್ದರಿಂದ "ಭಾಷೆ ಬೇಡ, ಹಣ ಕೊಡಿ ಸಾಕು" ಎನ್ನುವ ಏಜೆಂಟನನ್ನು ನಂಬಬೇಡಿ. ಅವನು ಸರಕಾರದಲ್ಲಿ ನೋಂದಾಯಿತನೇ ಎಂದು ನೋಡಿ, ಕರಾರು ಪತ್ರವನ್ನು ಓದಬಲ್ಲವರಿಂದ ಓದಿಸಿ, ಆಮೇಲೆ ಹಣದ ಮಾತು.

ಕೊನೆಯದಾಗಿ ನಮ್ಮ ಊರಿನದೇ ಉದಾಹರಣೆ. ಇರಾನಿನ ಗೀಲಾನ್‌ನಿಂದ ಪರದೇಶಿಯಾಗಿ ಬೀದರಿಗೆ ಬಂದ ಖ್ವಾಜಾ ಮಹಮೂದ್ ಗವಾನ್ 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದರು. ಆದರೆ ಹೊರಗಿನಿಂದ ಬಂದ ಅಫಾಕಿಗಳಿಗೂ ಇಲ್ಲಿಯ ದಖ್ಖನಿಗಳಿಗೂ ಇದ್ದ ಅಪನಂಬಿಕೆಯಲ್ಲಿ, ಖೊಟ್ಟಿ ಪತ್ರವೊಂದರ ನೆಪದಿಂದ 1481ರಲ್ಲಿ ಅವರ ಪ್ರಾಣವೇ ಹೋಯಿತು. ಪಾಠ ಎರಡು ಕಡೆಯವರಿಗೂ ಇದೆ. ಹೋಗುವ ನಮ್ಮ ಮಕ್ಕಳು ಅಲ್ಲಿಯ ನೆರೆಯವರ ನಂಬಿಕೆ ಗಳಿಸಲಿ. ಇಲ್ಲಿರುವ ನಾವು, ಬೇರೆ ಭಾಷೆಯವರು ನಮ್ಮ ಓಣಿಗೆ ಬಂದು ಖೋಲಿ ಬಾಡಿಗೆಗೆ ಕೇಳಿದಾಗ, ನಮ್ಮ ಮಗನಿಗೆ ಅಲ್ಲಿ ಯಾರು ಬಾಗಿಲು ತೆಗೆಯಬೇಕೆಂದು ಬಯಸುತ್ತೇವೋ ಹಾಗೆ ಬಾಗಿಲು ತೆಗೆಯೋಣ.