ಕುದಿಸಿದರೂ ಹೋಗದ ವಿಷ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ದಿವಸ ನಾವು ಒಂದು ಕಹಿ ಸಂಗತಿ ಹೇಳಬೇಕಾಗಿದೆ. ತಪ್ಪು ನಮ್ಮದೇ ಇರುವುದರಿಂದ ಯಾರೂ ಬೇಸರ ಮಾಡಿಕೊಳ್ಳಬಾರದು.

ಕೆಲ ವರ್ಷಗಳ ಹಿಂದೆ ನಮ್ಮ ಮನೆಯ ಸೀಮಂತಕ್ಕೆ ರಾತ್ರಿಯೇ ಬಾಸುಂದಿ ಮಾಡಿ ಮುಚ್ಚಿಟ್ಟೆವು. ಏಪ್ರಿಲ್ ತಿಂಗಳ ಧಗೆ. ಮುಂಜಾನೆ ಮತ್ತೆ ಕುದಿಸಿದೆವು. ಕುದಿಸಿದರ ಏನೂ ಆಗೂದಿಲ್ಲ ಅಂತ ನಮ್ಮ ನಂಬಿಕೆ. ಉಂಡ ಮೂರು ತಾಸಿನೊಳಗೆ ಮಂದಿಗೆ ವಾಂತಿ ಸುರುವಾಯಿತು. ಡಾಕ್ಟರು "ಉಳಿದ ಬಾಸುಂದಿ ಎಲ್ಲೈತ್ರಿ?" ಅಂದರು. ನಾವು ಹೆದರಿ ಆಗಲೇ ತಿಪ್ಪೆಗೆ ಚೆಲ್ಲಿದ್ದೆವು. ಪರೀಕ್ಷೆಗೆ ಏನೂ ಉಳಿದಿರಲಿಲ್ಲ. ದೇವರ ದಯೆ, ಎಲ್ಲರೂ ಉಳಿದರು.

ಆಮೇಲೆ ಓದಿ, ಕೇಳಿ ತಿಳಿದೆವು. ಸ್ಟ್ಯಾಫಿಲೊಕಾಕಸ್ ಎಂಬ ಸೂಕ್ಷ್ಮಾಣು ಕೆಚ್ಚಲ ಬಾವಿನ ಹಾಲಿನಲ್ಲಿ, ಮನುಷ್ಯರ ಮೂಗಿನಲ್ಲಿ, ಕೈಯ ಹುಣ್ಣಿನಲ್ಲಿ ಇರುತ್ತದೆ. ಬೆಚ್ಚಗಿನ ಆಹಾರದಲ್ಲಿ ಬೆಳೆದು ವಿಷ ಬಿಡುತ್ತದೆ. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತದೆ, ವಿಷ ಹಾಗೇ ಉಳಿಯುತ್ತದೆ. ರುಚಿಯಲ್ಲೂ ವಾಸನೆಯಲ್ಲೂ ಗೊತ್ತಾಗುವುದಿಲ್ಲ. 1914ರಲ್ಲಿ ಫಿಲಿಪೈನ್ಸ್ ದೇಶದಲ್ಲಿ ಬಾರ್ಬರ್ ಎಂಬ ವಿಜ್ಞಾನಿ ಹೊರಗೆ ಇಟ್ಟ ಹಾಲನ್ನು ತಾವೇ ಕುಡಿದು, ಕಾಯಿಲೆ ಬಿದ್ದು, ಇದನ್ನು ತೋರಿಸಿದರು. 2000ನೇ ಇಸ್ವಿಯಲ್ಲಿ ಜಪಾನಿನ ಒಂದು ಕಾರ್ಖಾನೆಯಲ್ಲಿ ಕರೆಂಟ್ ಹೋಗಿ ಹಾಲು ಬೆಚ್ಚಗಾಯಿತು. ಅದರ ಪುಡಿಯಿಂದ ಮಾಡಿದ ಹಾಲು ಕುಡಿದು 13 ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಕರೆಂಟ್ ಹೋಗುವುದು ನಮಗೇನು ಹೊಸದೇ?

ಇನ್ನು ಪರೀಕ್ಷೆಯ ಮಾತು. ಡೇರಿಯಲ್ಲಿ 10 ಮಿಲಿ ಹಾಲಿಗೆ 1 ಮಿಲಿ ಮಿಥಿಲೀನ್ ನೀಲಿ ಹಾಕಿ 37 ಡಿಗ್ರಿ ಬಿಸಿಯಲ್ಲಿ ಇಡುತ್ತಾರೆ. ನೀಲಿ 5 ತಾಸು ನಿಂತರೆ ಉತ್ತಮ ಹಾಲು, ಅರ್ಧ ತಾಸಿನಲ್ಲೇ ಬೆಳ್ಳಗಾದರೆ ಕೆಟ್ಟದ್ದು. ಆದರೆ ಇದು ಸೂಕ್ಷ್ಮಾಣು ಎಷ್ಟಿವೆ ಎಂದು ಅಂದಾಜು ಹೇಳುತ್ತದೆಯೇ ಹೊರತು ವಿಷವನ್ನು ತೋರಿಸುವುದಿಲ್ಲ. ವಿಷಕ್ಕೆ ದೊಡ್ಡ ಪ್ರಯೋಗಾಲಯದ ಎಲೈಸಾ ಪರೀಕ್ಷೆ ಬೇಕು. ಸಣ್ಣ ಗುಳಿಗಳ ತಟ್ಟೆಗೆ ಆ ವಿಷವನ್ನೇ ಹಿಡಿಯುವ ಪ್ರತಿಕಾಯ ಅಂಟಿಸಿರುತ್ತಾರೆ. ಆಹಾರದ ರಸದಲ್ಲಿ ವಿಷವಿದ್ದರೆ ಅಲ್ಲಿ ಸಿಕ್ಕಿಬಿದ್ದು, ಮುಂದೆ ಹಾಕುವ ಔಷಧದಿಂದ ಬಣ್ಣ ಬರುತ್ತದೆ. ಬಣ್ಣ ಹೆಚ್ಚಾದಷ್ಟು ವಿಷ ಹೆಚ್ಚು. ಕುದಿಸಿದ ಆಹಾರದಲ್ಲೂ ಹೀಗೆ ಹಿಡಿಯಬಹುದು.

ಆದರೆ ಪರೀಕ್ಷೆ ಆಗೂದು ಮಂದಿ ಮಲಗಿದ ಮ್ಯಾಲೆ. ಜಮಖಂಡಿ, ಮುಧೋಳ, ಬೀಳಗಿ ಕಡೆಯ ಮನೆಗಳ ಕೂಸುಗಳು, ರಬಕವಿ-ಬನಹಟ್ಟಿಯ ನೇಕಾರರ ಮಕ್ಕಳು ಕುಡಿಯುವುದು ನಮ್ಮಂಥವರು ಹಿಂಡಿದ ಹಾಲು. ಆದ್ದರಿಂದ ಕೈ, ಕೆಚ್ಚಲು ತೊಳೆದು ಹಿಂಡೋಣ. ಬಾವು ಬಂದ ಹಾಲು ಸಂಘಕ್ಕೆ ಹಾಕುವುದು ಬೇಡ. ಕೈಗೆ ಹುಣ್ಣಾದವರು ಹಿಂಡುವುದೂ ಬೇಡ, ಅಡಿಗೆಗೆ ಕೈ ಹಚ್ಚುವುದೂ ಬೇಡ. ಹಿಂಡಿದ ಕೂಡಲೆ ಹಾಲು ಸಂಘಕ್ಕೆ ತರೋಣ. ಹಬ್ಬದ ಅಡಿಗೆ ಅಂದಂದೇ ಉಣ್ಣೋಣ. ಯಾರಿಗಾದರೂ ವಾಂತಿಯಾದರೆ ಉಳಿದ ಆಹಾರ ಚೆಲ್ಲದೆ, ಸ್ವಚ್ಛ ಡಬ್ಬಿಯಲ್ಲಿ ತಂಪಾಗಿ ಇಟ್ಟು ಸರಕಾರಿ ದವಾಖಾನೆಗೆ ಮುಟ್ಟಿಸೋಣ. ನಮ್ಮಿಂದಾದ ತಪ್ಪು ನಿಮ್ಮಿಂದ ಆಗದಿರಲಿ.