ಹಾಡಿದವನ ಪಾಲು



ಮಾಲಿನೋವ್‌ಸ್ಕಿ ಎಂಬ ವಿದ್ವಾಂಸ 1915–18ರಲ್ಲಿ ಶಾಂತಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಡೇರೆ ಹಾಕಿ, ಅಲ್ಲಿನವರ ನುಡಿ ಕಲಿತ. ಪುರಾಣವೆಂಬುದು ಬರಿಯ ಕಟ್ಟುಕಥೆಯಲ್ಲ, ಸಮಾಜದ ಕಟ್ಟಳೆಗೆ ಆಧಾರ ಎಂದು ತೋರಿಸಿದ. ಅದನ್ನರಿಯಲು ನಾವು ಕಡಲು ದಾಟಬೇಕಿಲ್ಲ. ಹನೂರು ಸೀಮೆಯ ಮಲೆಯಿದೆ. ದೇವರಗುಡ್ಡರು ಹಾಡುವ ಮಾದೇಶ್ವರನ ಕಾವ್ಯವನ್ನು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಅಚ್ಚಿಗೆ ತಂದರು. ಮುಂದೆ ಜನಪದ ಮಹಾಭಾರತವನ್ನೂ ಕೊಟ್ಟರು.

ಮಾದಪ್ಪನ ಕಾವ್ಯದಲ್ಲಿ ಏನಿದೆ? ಶ್ರವಣ ದೊರೆ ದೇವತೆಗಳನ್ನೇ ಸೆರೆಹಿಡಿದು ಬಿಟ್ಟಿ ಚಾಕರಿಗೆ ಹಚ್ಚುತ್ತಾನೆ. ಅವನನ್ನು ಮುಗಿಸಲು ಮಾದಪ್ಪನಿಗೂ ಹರಳಯ್ಯ ಹೊಲಿದ ಪಾದರಕ್ಷೆ ಬೇಕಾಗುತ್ತದೆ. ಜೇನಿಗೆ ಹೊರಟ ಗಂಡ ಆಣೆ ಕೇಳಿದರೆ ಸೋಲಿಗರ ಸಂಕಮ್ಮ ಕೊಡೆನೆಂದು ನಿಲ್ಲುತ್ತಾಳೆ. ಕೊಳ್ಳೇಗಾಲ, ಯಳಂದೂರಿನ ದುಡಿಯುವ ಜನಕ್ಕೆ ಇದು ಪರರ ಕಥೆಯೇ?

ಹೊತ್ತಗೆಯ ಮೇಲೆ ವಿದ್ವಾಂಸನ ಹೆಸರು ಬರಲಿ. ಅದು ಅವನ ದುಡಿಮೆ. ಕಂಸಾಳೆ ಹಿಡಿದು ಇರುಳೆಲ್ಲ ಹಾಡುವವನ ನೆನಪೂ ದುಡಿಮೆಯೇ ಅಲ್ಲವೆ? ಹಾಡು ಬರೆದುಕೊಳ್ಳಲು ಹೊರಟ ತರುಣರೇ, ಹಾಡಿದವನ ಹೆಸರು, ಊರು ಮೊದಲ ಪುಟದಲ್ಲಿರಲಿ. ಬಂದ ಹಣದಲ್ಲಿ ಅವನ ಪಾಲು ಅವನಿಗೆ ಸಲ್ಲಲಿ. ಅದು ದಾನವಲ್ಲ, ಕೂಲಿ.